ಒಂದು ನಳಿಕೆ ನೆರಡಿ

ಬೆಳಿಗ್ಗೆ ಹತ್ತೂವರೆಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಸುಬ್ರಹ್ಮಣ್ಯನ ಟ್ರಂಕಿಗೆ ಹಗ್ಗ ಬಿಗಿದಾಗಿತ್ತು, ಹಾಸಿಗೆ ಸುರುಳಿಯಾಗಿತ್ತು. ಒಂಬತ್ತು ವರ್ಷ ಮಾಲೂರಿನ ಸಣ್ಣ ಪಶುರೋಗ ಪ್ರಯೋಗಶಾಲೆಯಲ್ಲಿ ಕೂತು ತಾಲ್ಲೂಕಿನ ದನ ಕುರಿಗಳ ಸಗಣಿ, ಹಿಕ್ಕೆ, ರಕ್ತಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಅವನಿಗೆ ಕೊನೆಗೂ ಸ್ವಂತ ಊರು ಮುಳಬಾಗಿಲಿಗೆ ವರ್ಗವಾಗಿತ್ತು. ಹೆಂಡತಿ ಶ್ಯಾಮಲ ಅಲ್ಲಿ ಶಾಲೆಯ ಮೇಡಂ. ಐದು ವರ್ಷದ ಮಗಳನ್ನು ಅದೇ ಶಾಲೆಯಲ್ಲಿ ಯಾರೋ, "ನಿಮ್ಮಪ್ಪ ಏನ್ ಮಾಡ್ತಾರೆ?" ಎಂದು ಕೇಳಿದ್ದರು. "ಭಾನುವಾರ ಬರ್ತಾರೆ," ಎಂದಿದ್ದಳು.

ವರ್ಗದ ಆದೇಶದ ಕೊನೆಯಲ್ಲಿ ಒಂದು ಸಾಲಿತ್ತು. ಇದೇ ತಿಂಗಳ ಹದಿನಾಲ್ಕನೇ ತಾರೀಖಿನ ಸಂಜೆ ಐದು ಗಂಟೆಯೊಳಗೆ ಚಾರ್ಜು ಒಪ್ಪಿಸದಿದ್ದಲ್ಲಿ ಈ ಆದೇಶ ರದ್ದಾಗತಕ್ಕದ್ದು. ಆ ದಿನ ಹದಿನಾಲ್ಕನೇ ತಾರೀಖು. ಐದೂವರೆಗೆ ಮುಳಬಾಗಿಲಿನ ಬಸ್ಸು.

ಅವನ ಜಾಗಕ್ಕೆ ಬಂದ ಚಂದ್ರಶೇಖರ ಎಂಬ ಹೊಸಬ ಸಣ್ಣಗೆ, ಚೊಕ್ಕಟವಾಗಿ, ಹೊಸದಾಗಿ ಕೆತ್ತಿದ ಪೆನ್ಸಿಲಿನಂತಿದ್ದ. ಚಾರ್ಜ್ ಪಟ್ಟಿಯ ಒಂದೊಂದು ವಸ್ತುವನ್ನೂ ಮುಟ್ಟಿ ನೋಡಿ ಗುರುತು ಹಾಕಿಕೊಂಡ. ಸೂಕ್ಷ್ಮದರ್ಶಕ ಒಂದು. ಕುರ್ಚಿ ಮೂರು, ಅದರಲ್ಲಿ ಕಾಲಿರುವುದು ಎರಡು. ಕಪಾಟು ಒಂದು, ಬೀಗ ಕೆಟ್ಟಿದೆ. ಸೈಕಲ್ ಒಂದು. ಹೀಗೆ ನಲವತ್ತಾರು ವಸ್ತುಗಳು ಮುಗಿದವು. ನಲವತ್ತೇಳನೆಯದಕ್ಕೆ ಬಂದಾಗ ಅವನ ಪೆನ್ಸಿಲು ನಿಂತಿತು.

"ಇದೇನ್ ಸಾರ್? 'ನೆರಡಿ ರೋಗಾಣು, ಮಾದರಿ, ಒಂದು ನಳಿಕೆ, 1971'."

"ಅದಾ. ಕಪಾಟಿನ ಮೇಲಿನ ಖಾನೇಲಿದೆ. ಅರಗು ಹಾಕಿ ಮುಚ್ಚಿದೆ. ನಾನು ಬರೋಕೆ ಮುಂಚಿನದು."

ನೆರಡಿ ಎಂದರೆ ಬೆಳಿಗ್ಗೆ ಮೇಯುತ್ತಿದ್ದ ಕುರಿಯನ್ನು ಮಧ್ಯಾಹ್ನಕ್ಕೆ ಕೆಡವುವ ರೋಗ. ಮನುಷ್ಯರಿಗೂ ಅಂಟುತ್ತದೆ. ಚಂದ್ರಶೇಖರ ಎರಡು ಹೆಜ್ಜೆ ಹಿಂದೆ ಸರಿದು, ಮೇಜಿನ ಮೇಲಿದ್ದ ಆ ದಿನದ ಟಪಾಲು ಎತ್ತಿಕೊಂಡ.

"ಹಾಗಾದ್ರೆ ಈ ಸರ್ಕ್ಯುಲರ್ ನಮಗೇ ಬಂದಿರೋದು ಸಾರ್."

ಬೆಂಗಳೂರಿನ ಮೇಲಿನ ಕಚೇರಿಯಿಂದ ಬಂದ ಸುತ್ತೋಲೆ. ದೇಶದ ಶತ್ರುಗಳು ರೋಗಾಣುಗಳನ್ನು ಆಯುಧವಾಗಿ ಬಳಸುವ ಸಂಭವವಿರುವುದರಿಂದ ಎಲ್ಲ ಪ್ರಯೋಗಶಾಲೆಗಳೂ ಸನ್ನದ್ಧವಾಗಿರತಕ್ಕದ್ದು ಎಂದು ಅದು ಶುರುವಾಗುತ್ತಿತ್ತು. ಅಪಾಯಕರ ರೋಗಾಣುವನ್ನು ಬೀಗದೊಳಗೆ ಇಡಬೇಕು, ಬೀಗವಿಲ್ಲದಿದ್ದರೆ ಹೊಣೆಗಾರನು ಮೈಮೇಲೆಯೇ ಇಟ್ಟುಕೊಳ್ಳಬೇಕು. ಲಿಖಿತ ಅನುಮತಿಯಿಲ್ಲದೆ ನಾಶಮಾಡಕೂಡದು. ಇನ್ನೊಬ್ಬರಿಗೆ ಒಪ್ಪಿಸುವಾಗ ಅವರ ಲಿಖಿತ ಸಮ್ಮತಿಯೂ ಇಬ್ಬರು ಗಣ್ಯರ ಸಾಕ್ಷಿ ರುಜುವೂ ಇರಬೇಕು. ಲೋಪವಾದರೆ ಕೆಲಸದಿಂದ ವಜಾ, ಮತ್ತು ಮೊಕದ್ದಮೆ. ಕೆಳಗೆ ಪ್ರಯೋಗಶಾಲೆಯ ಮುಖ್ಯಸ್ಥ ಡಾಕ್ಟರ್ ಚನ್ನರಾಯಪ್ಪನವರು ಹಸಿರು ಶಾಯಿಯಲ್ಲಿ 'ನೋಡಿದೆ' ಎಂದು ಬರೆದಿದ್ದರು. ಅದರ ಜೊತೆಗೆ ಗುಂಡುಸೂಜಿ ಹಾಕಿದ್ದ ಇನ್ನೊಂದು ಚೀಟಿಯಲ್ಲಿ ಅದೇ ಹಸಿರು ಶಾಯಿಯಲ್ಲಿ, ಹೊಟ್ಟೆನೋವಿನ ಪ್ರಯುಕ್ತ ನಾಲ್ಕು ದಿನ ರಜೆಯ ಮೇಲೆ ಹೋಗಿರುವುದಾಗಿ ಬರೆದಿದ್ದರು.

"ಲಿಖಿತ ಸಮ್ಮತಿ ಅಂತಿದೆ," ಎಂದ ಚಂದ್ರಶೇಖರ. "ನನಗೆ ಸಮ್ಮತಿ ಇಲ್ಲ ಸಾರ್."

"ಅಲ್ಲಪ್ಪ, ಹನ್ನೆರಡು ವರ್ಷದಿಂದ ಅದು ಅಲ್ಲೇ ಇದೆ. ಯಾರಿಗೂ ಏನೂ ಮಾಡಿಲ್ಲ."

"ಇಲ್ಲೀತನಕ ಯಾರೂ ಮೊಕದ್ದಮೆ ಅಂದಿರಲಿಲ್ಲವಲ್ಲ ಸಾರ್. ನಲವತ್ತಾರಕ್ಕೆ ರುಜು ಹಾಕ್ತೀನಿ. ನಲವತ್ತೇಳು ನಿಮ್ಮದು."

ನಲವತ್ತಾರಕ್ಕೆ ರುಜು ಹಾಕಿದರೆ ಚಾರ್ಜು ಒಪ್ಪಿಸಿದಂತಾಗುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಸುಬ್ರಹ್ಮಣ್ಯ ನಳಿಕೆಯನ್ನು ಕೆಳಗಿಳಿಸಿದ. ಕಿರುಬೆರಳಿನಷ್ಟು ಗಾಜು, ಒಳಗೆ ಮಸುಕಾದ ಕಂದು ನೀರು. ಅದಕ್ಕೆ ಹತ್ತಿ ಸುತ್ತಿ ತನ್ನ ಕನ್ನಡಕದ ಡಬ್ಬಿಯಲ್ಲಿ ಮಲಗಿಸಿ, ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬೆಂಗಳೂರಿಗೆ ತಂತಿ ಕೊಡಲು ಪೋಸ್ಟಾಫೀಸಿಗೆ ಹೋದ. ಆ ದಿನ ಅವನು ಮಾಡಿದ ತಪ್ಪುಗಳಲ್ಲಿ ಇದು ಮೊದಲನೆಯದು.

ಪೋಸ್ಟ್ ಮಾಸ್ಟರು ಆದಿನಾರಾಯಣಪ್ಪನವರಿಗೆ ತಂತಿಯ ಪದಗಳನ್ನು ಗಟ್ಟಿಯಾಗಿ ಓದಿ ಎಣಿಸುವ ಅಭ್ಯಾಸ. ಸಾವಿನ ಸುದ್ದಿಯನ್ನೂ ಹಾಗೆಯೇ ಎಣಿಸುತ್ತಿದ್ದರು. "ನೆರಡಿ, ಒಂದು. ರೋಗಾಣು, ಎರಡು. ನನ್ನ, ಮೂರು. ಬಳಿ, ನಾಲ್ಕು. ಇದೆ, ಐದು. ಯಾರಿಗೆ, ಆರು..." ಎಂದು ಬೆರಳು ಮಡಚುತ್ತಿದ್ದವರು ತಲೆಯೆತ್ತಿ, "ನಿಮ್ಮ ಬಳಿ ಅಂದ್ರೆ ಎಲ್ಲಿ ಸ್ವಾಮಿ?" ಎಂದರು.

ಸುಬ್ರಹ್ಮಣ್ಯ ಜೇಬು ಮುಟ್ಟಿ ತೋರಿಸಿದ. ಅದು ಎರಡನೆಯ ತಪ್ಪು.

ಹಿಂದೆ ಸಾಲಿನಲ್ಲಿ ಹನ್ನೊಂದು ಜನರಿದ್ದರು. ಅವನು ತಿರುಗಿ ನೋಡಿದಾಗ ಒಂದು ಛತ್ರಿ ಮಾತ್ರ ಇತ್ತು. ಛತ್ರಿಯವನು ಅದನ್ನು ಕೇಳಿಕೊಂಡು ವಾಪಸು ಬರಲಿಲ್ಲ.

ಇಟ್ಟಿಗೆ ಗೂಡುಗಳ ಹೊಗೆ ಮಾಲೂರನ್ನು ಒಂದು ಸುತ್ತು ಹಾಕಲು ಅರ್ಧ ದಿನ ಬೇಕು. ಈ ಸುದ್ದಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಸುಬ್ರಹ್ಮಣ್ಯ ಕಾಫಿ ಕುಡಿಯೋಣವೆಂದು ಹೋಟೆಲಿನ ಮೆಟ್ಟಿಲು ಹತ್ತಿದರೆ ಒಳಗಿದ್ದವರೆಲ್ಲ ಒಮ್ಮೆಲೇ ಎದ್ದು ನಿಂತರು. ಇಷ್ಟು ಮರ್ಯಾದೆ ಅವನಿಗೆ ಒಂಬತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಆಮೇಲೆ ಅವರು ಹಿಂಬಾಗಿಲಿನಿಂದ ಹೋದರು. ಮಾಲೀಕ ಕೈ ಮುಗಿದು, "ಕಾಫಿ ಅಲ್ಲಿಗೇ ಕಳಿಸ್ತೀನಿ ಸಾರ್, ನೀವು ಎಲ್ಲಾದ್ರೂ ದೂರ ಕೂತ್ಕೊಳ್ಳಿ," ಎಂದ. ಕಾಫಿ ಬರಲಿಲ್ಲ.

ತಲೆಗೆ ಹೊಳೆದದ್ದು ಪೊಲೀಸ್ ಠಾಣೆ. ದಫೇದಾರ್ ವೆಂಕಟರಾಯಪ್ಪ ಸುದ್ದಿ ಕೇಳಿ ಮೇಜಿನ ಆಚೆ ಬದಿಗೆ ಕುರ್ಚಿ ಎಳೆದುಕೊಂಡು ಕೂತಿದ್ದ. ಮುಂದೆ ಕಾನೂನಿನ ದಪ್ಪ ಪುಸ್ತಕ.

"ಇದನ್ನ ನೀವು ವಶಕ್ಕೆ ತಗೊಳ್ಳಿ ದಫೇದಾರ್ರೇ. ಒಂದು ರಸೀದಿ ಕೊಡಿ ಸಾಕು."

"ಯಾವ ಸೆಕ್ಷನ್ ಕೆಳಗೆ ತಗೊಳ್ಳಿ?" ಎಂದು ವೆಂಕಟರಾಯಪ್ಪ ಪುಟ ಮಗುಚಿದ. "ವಿಷ ಆದ್ರೆ ಸೆಕ್ಷನ್ ಐತೆ. ಮದ್ದುಗುಂಡು ಆದ್ರೆ ಐತೆ. ಕಳ್ಳಬಟ್ಟಿ ಆದ್ರೆ ಬೇಜಾನ್ ಐತೆ. ಇದು ಯಾವುದೂ ಅಲ್ಲ."

"ರೋಗ ಹರಡೋದಕ್ಕೆ ಇರಬೇಕಲ್ಲ."

"ಐತೆ. ಹರಡಿಸಿದವರ ಮೇಲೆ ಐತೆ. ನೀವು ಹರಡಿಸಿದ್ದೀರಾ?"

"ಇಲ್ಲ."

"ಹಂಗಾದ್ರೆ ಹರಡಿಸಿದ ಮೇಲೆ ಬನ್ನಿ."

ಸುಬ್ರಹ್ಮಣ್ಯ ಕುರ್ಚಿಯ ಮೇಲೆ ಕುಸಿದು ಕೂತ. ಜಪ್ತಿ ಮಾಲಿನ ಕೋಣೆಯಲ್ಲಾದರೂ ಇಟ್ಟುಕೊಳ್ಳಿ ಎಂದು ಬೇಡಿದ. ದಫೇದಾರ್ ದನಿ ತಗ್ಗಿಸಿದ. "ಬ್ಯಾಡ ಸಾಮಿ. ನಿಮ್ಮ ಹತ್ರ ಮುಚ್ಚಿಡೋದೇನು. ನಮ್ಮ ಪೇದೆಗಳಿಗೆ ಜಪ್ತಿ ಮಾಡಿದ ಸೀಸೆ ಕಂಡ್ರೆ ಒಂಚೂರು ರುಚಿ ನೋಡೋ ಅಭ್ಯಾಸ ಐತೆ."

ಹೊರಗೆ ಬಂದು ರೂಮಿನ ಕಡೆ ನಡೆದ. ಬೀದಿಯ ಮಧ್ಯದಲ್ಲಿ ಅವನ ಟ್ರಂಕು, ಹಾಸಿಗೆ ಸುರುಳಿ, ಅದರ ಮೇಲೆ ಅವನ ತಂಬಿಗೆ. ಮನೆಯೊಡತಿ ಮುನಿಗಂಗಮ್ಮ ಗೇಟಿಗೆ ಅಡ್ಡಲಾಗಿ ಒನಕೆ ಇಟ್ಟುಕೊಂಡು ನಿಂತಿದ್ದಳು. ಹಿಂದೆ ಕೊಟ್ಟಿಗೆಯಲ್ಲಿ ಅವಳ ಹಸು ನಿಶ್ಚಿಂತೆಯಾಗಿ ಮೆಲುಕು ಹಾಕುತ್ತಿತ್ತು.

"ಏಮಿ ಸಾಮಿ ಇದಿ?" ಎಂದು ತೆಲುಗಿನಲ್ಲಿ ಶುರುಮಾಡಿ, ಅವನಿಗೆ ಚೆನ್ನಾಗಿ ನಾಟಲೆಂದು ಕನ್ನಡಕ್ಕೆ ಬಂದಳು. "ಒಂಬತ್ತು ವರ್ಷ ನನ್ನ ಮನೆ ನೀರು ಕುಡ್ದು ಜೇಬಲ್ಲಿ ನೆರಡಿ ಇಟ್ಕೊಂಡು ತಿರುಗ್ತಾ ಇದ್ರಾ?"

"ಇವತ್ತೇ ಇಟ್ಕೊಂಡಿರೋದಮ್ಮ. ಮುಚ್ಚಿದೆ. ಏನೂ ಆಗಲ್ಲ."

"ನಿಮ್ಮ ಮೇಲೆ ಕ್ವಾಪ ಇಲ್ಲ ಸಾಮಿ. ನನ್ನ ಹಸು ಮೇಲೆ ಪ್ರೀತಿ, ಅಷ್ಟೇಯ. ಅಲ್ಲೇ ನಿಂತ್ಕಳಿ."

"ನಾನು ಸಂಜೆ ಊರಿಗೇ ಹೋಗ್ತೀನಿ."

"ಅದನ್ನೂ ತಗೊಂಡ್ ಹೋಗ್ತೀರಾ?"

ಅದೇ ಪ್ರಶ್ನೆ. ಅಕ್ಕಪಕ್ಕದ ಕಿಟಕಿಗಳಿಂದ ಸಲಹೆಗಳು ಬಂದವು. ಕೆರೆಗೆ ಹಾಕಿ ಎಂದು ಒಬ್ಬರು. ಕೆರೆ ನೀರು ಯಾರು ಕುಡಿಯೋದು ಎಂದು ಇನ್ನೊಬ್ಬರು. ಇಟ್ಟಿಗೆ ಗೂಡಿಗೆ ಹಾಕಿ ಸುಡಿ ಎಂದು ಮೂರನೆಯವರು. ನಾಶಮಾಡಿದರೆ ಮೊಕದ್ದಮೆ ಎಂದು ಸುಬ್ರಹ್ಮಣ್ಯ ಹೇಳಿದ. "ಸುಟ್ಟರೆ ಜೈಲು, ಇಟ್ಕೊಂಡ್ರೆ ಸಾವು. ಎಂಥ ಉದ್ಯೋಗ ಸಾಮಿ ನಿಮ್ಮದು," ಎಂದಳು ಮುನಿಗಂಗಮ್ಮ. ಅವಳ ದನಿಯಲ್ಲಿ ನಿಜವಾದ ಕನಿಕರವಿತ್ತು. ಒನಕೆ ಮಾತ್ರ ಸರಿಯಲಿಲ್ಲ.

ಆಗ ಅವನಿಗೆ ಆವಲಪ್ಪನ ನೆನಪಾಯಿತು. ಆವಲಪ್ಪ ಅವನಿಗಿಂತ ಮುಂಚೆ ಈ ಪ್ರಯೋಗಶಾಲೆಯಲ್ಲಿದ್ದವನು. ನಳಿಕೆಗೆ ಅರಗು ಹಾಕಿದವನೂ ಅವನೇ. ನಿವೃತ್ತನಾಗಿ ಲಕ್ಕೂರಿನಲ್ಲಿ ಹೊಲ ನೋಡಿಕೊಂಡಿದ್ದಾನೆ. ತಂದಿಟ್ಟವನಿಗೆ ಸಾಗಹಾಕುವ ದಾರಿಯೂ ಗೊತ್ತಿರಬೇಕು.

ಲಕ್ಕೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಮೇಲೆಲ್ಲ ಜನ, ಬಾಗಿಲಿನಲ್ಲಿ ಜನ. ಸುಬ್ರಹ್ಮಣ್ಯ ಹತ್ತಿದ ಕೂಡಲೇ ಯಾರೋ, "ಇವ್ರೇ ಕಣ್ರಪ್ಪಾ," ಎಂದರು. ಕಿಟಕಿಯಿಂದಲೂ ಇಳಿಯಬಹುದೆಂದು ಅವನಿಗೆ ಆವತ್ತೇ ಗೊತ್ತಾದದ್ದು. ಇಡೀ ಬಸ್ಸಿನಲ್ಲಿ ಅವನೊಬ್ಬ, ಮತ್ತು ಯಾರೋ ಬಿಟ್ಟುಹೋದ ಕಾಲು ಕಟ್ಟಿದ ಎರಡು ಕೋಳಿ. ಕಂಡಕ್ಟರ್ ಆಂಜಿನಪ್ಪ ಕೆಳಗಿನಿಂದಲೇ ಹೇಳಿದ. "ನಿಮಗೊಬ್ಬರಿಗೆ ಬಸ್ ಓಡಿಸಕ್ಕೆ ನಮ್ಮ ರೂಲ್ಸಲ್ಲಿ ಇಲ್ಲ ಸಾರ್. ದಯವಿಟ್ಟು ಇಳೀರಿ. ಕೋಳಿ ಮುಟ್ಟಬೇಡಿ."

ಪಟ್ಟಿಯ ಸರ್ಕಾರಿ ಸೈಕಲ್ಲೇ ಗತಿಯಾಯಿತು. ಅದಕ್ಕೆ ಚಂದ್ರಶೇಖರ ಆಗಲೇ ಗುರುತು ಹಾಕಿದ್ದರಿಂದ ಅವನ ಅನುಮತಿ ಕೇಳಬೇಕಾಯಿತು. ಚಂದ್ರಶೇಖರ ಬ್ರೇಕು ಪರೀಕ್ಷಿಸಿ, ಚೀಟಿ ಬರೆಸಿಕೊಂಡು ಕೊಟ್ಟ.

ಬಿಸಿಲು. ಗುಂಡಿ ಬಂದಾಗಲೆಲ್ಲ ಸುಬ್ರಹ್ಮಣ್ಯ ಒಂದು ಕೈಯಲ್ಲಿ ಜೇಬು ಹಿಡಿದುಕೊಂಡು, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು, ಕೂಸನ್ನು ಕರೆದೊಯ್ಯುವಂತೆ ಮೆಲ್ಲಗೆ ತುಳಿದ. ಲಕ್ಕೂರು ಮುಟ್ಟುವಾಗ ಗಂಟೆ ಎರಡೂವರೆ ದಾಟಿತ್ತು.

ಆವಲಪ್ಪ ನುಗ್ಗೆಮರದ ಕೆಳಗೆ ಮಂಚದ ಮೇಲೆ ಕೂತು ಬೀಡಿ ಸೇದುತ್ತಿದ್ದ. ಸುಬ್ರಹ್ಮಣ್ಯ ಉಸಿರು ಬಿಡದೆ ಎಲ್ಲವನ್ನೂ ಹೇಳಿದ. ಆವಲಪ್ಪ ಡಬ್ಬಿ ತೆಗೆಸಿ, ನಳಿಕೆಯನ್ನು ಬಿಸಿಲಿಗೆ ಹಿಡಿದು ನೋಡಿ, ಉಗುರಿನಿಂದ ಅರಗು ಎಬ್ಬಿಸಿದ. ಸುಬ್ರಹ್ಮಣ್ಯನ ಬಾಯಿಂದ ಮಾತು ಹೊರಡುವುದರೊಳಗೆ ನಳಿಕೆಯನ್ನು ನುಗ್ಗೆಮರದ ಬುಡಕ್ಕೆ ಬಗ್ಗಿಸಿದ.

ಸುಬ್ರಹ್ಮಣ್ಯ ಮೂಗು ಮುಚ್ಚಿಕೊಂಡು ಕಣ ದಾಟಿ ಬೇಲಿಯವರೆಗೆ ಓಡಿದ.

"ಬನ್ನಿ ಸಾಮಿ, ಬನ್ನಿ," ಎಂದು ಆವಲಪ್ಪ ಕೂತಲ್ಲಿಂದಲೇ ಕರೆದ. "ಅದು ರಾಗಿ ಗಂಜಿ."

"ಏನು?"

"ರಾಗಿ ಗಂಜಿ. ಎಪ್ಪತ್ತೊಂದರಲ್ಲಿ ಬೆಂಗಳೂರಿಂದ ದೊಡ್ಡ ಸಾಹೇಬ್ರು ತಪಾಸಣೆಗೆ ಬರ್ತೀನಿ ಅಂದ್ರು. ಬ್ಯಾರೆ ಊರ ಲ್ಯಾಬಲ್ಲೆಲ್ಲ ಒಂದೊಂದು ಮಾದರಿ ಐತೆ, ನಿಮ್ಮಲ್ಲಿ ಏನೈತೆ ಅಂತ ಕೇಳಿದ್ರು. ಏನೂ ಇಲ್ಲ ಅಂದ್ರೆ ಲ್ಯಾಬು ಮುಚ್ತಾರೆ. ನಮ್ಮ ದೊಡ್ಡಗಂಗಮ್ಮ ಕಟ್ಟಿಕೊಟ್ಟ ಬುತ್ತೀಲಿ ಗಂಜಿ ಇತ್ತು. ತಿಳಿ ಬಸಿದು ತುಂಬಿದೆ. ಸಾಹೇಬ್ರು ದೂರದಿಂದ ನೋಡಿ, ಶಭಾಷ್ ಅಂದು ಹೋದ್ರು."

ಸುಬ್ರಹ್ಮಣ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ನಗು ಬಂತು. ರೋಗಾಣು ಇಲ್ಲ. ಇಲ್ಲದ ರೋಗಾಣುವಿಗೆ ಸಾಕ್ಷಿ ಬೇಡ, ಸಮ್ಮತಿ ಬೇಡ. ಐದೂವರೆಯ ಬಸ್ಸು ಇನ್ನೂ ಇದೆ. "ಇಷ್ಟೇ ತಾನೆ. ಹೋಗಿ ಹೇಳ್ಬಿಡ್ತೀನಿ," ಎಂದು ಎದ್ದ.

"ಏನಂತ ಹೇಳ್ತೀರ?"

"ಇದು ಗಂಜಿ ಅಂತ."

"ಹೇಳಿ. ನಾನು ರಿಟೈರ್ ಆದೋನು, ನನ್ನ ಏನೂ ಮಾಡಕ್ಕಾಗಲ್ಲ." ಆವಲಪ್ಪ ಬೀಡಿಯ ಬೂದಿ ಕೊಡವಿದ. "ಆದ್ರೆ ವರ್ಷಾ ವರ್ಷಾ ಮಾರ್ಚಿ ಮೂವತ್ತೊಂದಕ್ಕೆ ಸ್ಟಾಕ್ ತಾಳೆ ನೋಡಿ ರಿಜಿಸ್ಟ್ರಲ್ಲಿ ಬರೀತಾರಲ್ಲ, ಅದನ್ನ ನೀವು ಏನಂತ ಬರೆದಿದ್ದೀರಿ?"

ಸುಬ್ರಹ್ಮಣ್ಯ ಮತ್ತೆ ಕೂತ. ಮಾರ್ಚಿ ಮೂವತ್ತೊಂದಕ್ಕೆ ಎಲ್ಲ ಕಚೇರಿಗಳಲ್ಲೂ ಮಾಡುವುದನ್ನೇ ಅವನೂ ಮಾಡಿದ್ದ. ಹಿಂದಿನ ವರ್ಷದ ಸಾಲನ್ನು ನೋಡಿ ಕೆಳಗೆ ಇಳಿಸಿದ್ದ. 'ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗಿದೆ. ರೋಗಾಣುಗಳು ಜೀವಂತವಾಗಿವೆ.' ಒಂಬತ್ತು ವರ್ಷ. ಒಂಬತ್ತು ರುಜು.

"ನೀವು ಬರೆದಿದ್ದನ್ನೇ ನಾನೂ ಬರೆದೆ," ಎಂದ ಕ್ಷೀಣವಾಗಿ.

"ನೀವು ಓದಿದೋರು ಅಲ್ವಾ, ತೆಗೆದು ನೋಡಿರ್ತೀರಿ ಅಂದ್ಕೊಂಡಿದ್ದೆ," ಎಂದ ಆವಲಪ್ಪ. ಆಮೇಲೆ ಒಳಗಡೆ ತಿರುಗಿ ಕೂಗಿದ. "ಲೇ, ಬೆಳಗಿನ ಗಂಜಿ ಮಿಕ್ಕೈತೇನೇ?"

ಅವನ ಹೆಂಡತಿ ದೊಡ್ಡಗಂಗಮ್ಮ ಚೊಂಬು ಹಿಡಿದು ಬಂದಳು. ಏನು, ಏಕೆ ಎಂದು ಕೇಳಲಿಲ್ಲ. ನಳಿಕೆ ನೋಡಿ, "ಇನ್ನೊಬ್ರು ಸಾಹೇಬ್ರು ಬಂದ್ರಾ?" ಎಂದಳು. ಆವಲಪ್ಪನ ಕೈ ಪಳಗಿದ ಕೈ. ತಿಳಿ ಬಸಿದ, ನಳಿಕೆ ತುಂಬಿದ, ಹತ್ತಿ ತುರುಕಿದ, ಹಳೆಯ ಅರಗನ್ನೇ ಬೀಡಿಯ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿ ಕರಗಿಸಿ ಮುಚ್ಚಿದ. ನೋಡಿದರೆ ಮೊದಲಿಗಿಂತ ಹೆಚ್ಚು ಭಯಂಕರವಾಗಿತ್ತು.

ಸುಬ್ರಹ್ಮಣ್ಯ ಮಾಲೂರಿಗೆ ಮರಳಿದ್ದು ಬೇರೆಯೇ ಮನುಷ್ಯನಾಗಿ. ಸೈಕಲ್ ಗುಂಡಿಗಳ ಮೇಲೆ ಹಾರಿತು. ಕೆರೆ ಏರಿಯ ಮೇಲೆ ಎರಡೂ ಕೈ ಬಿಟ್ಟು ತುಳಿದ.

ನಾಲ್ಕೂಮುಕ್ಕಾಲಕ್ಕೆ ಪ್ರಯೋಗಶಾಲೆ ತಲುಪಿದರೆ ಅಂಗಳದಲ್ಲಿ ಊರೇ ಇತ್ತು, ಸಾಕಷ್ಟು ಅಂತರ ಬಿಟ್ಟು. ದಫೇದಾರ್ ವೆಂಕಟರಾಯಪ್ಪ ಠಾಣೆಯಿಂದ ಒಂದು ಬೀಗ ತಂದಿದ್ದ. ಲಾಕಪ್ಪಿನ ಬೀಗ, ತೆಂಗಿನಕಾಯಿ ಗಾತ್ರದ್ದು. "ಸೆಕ್ಷನ್ ಇಲ್ಲ ಸಾಮಿ, ಬೀಗ ಐತೆ," ಎಂದ. ಪೋಸ್ಟ್ ಮಾಸ್ಟರೂ ಬಂದಿದ್ದರು. ಗಣ್ಯರು ಇಬ್ಬರಾದರು.

"ಈಗ ಬೀಗ ಇದೆ, ಸಾಕ್ಷಿ ಇದೆ," ಎಂದ ಸುಬ್ರಹ್ಮಣ್ಯ ಚಂದ್ರಶೇಖರನಿಗೆ. ನಳಿಕೆಯನ್ನು ಡಬ್ಬಿಯಿಂದ ತೆಗೆದು, ಅಡಿಕೆಯಂತೆ ಅಂಗೈಯಲ್ಲಿ ಹಾರಿಸಿ ಹಿಡಿದ. ಅಂಗಳದ ಜನ ಹತ್ತು ಹೆಜ್ಜೆ ಹಿಂದೆ ಹೋದರು. "ನೋಡಿ. ಒಂಬತ್ತು ವರ್ಷ ಇದರ ಜೊತೆಲಿದ್ದೀನಿ. ನನಗೇನಾಗಿದೆ?"

ಚಂದ್ರಶೇಖರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಪೂರ್ತಿ ಧೈರ್ಯ ಬಂದಂತೆ ಕಾಣಲಿಲ್ಲ. ಆದರೂ ಕಪಾಟಿಗೆ ಬೀಗ ಬಿದ್ದು, ಅದನ್ನು ದಫೇದಾರ್ ಮೂರು ಸಲ ಜಗ್ಗಿ ತೋರಿಸಿದ ಮೇಲೆ, ಸಮ್ಮತಿ ಪತ್ರ ಬರೆಯಲು ಕೂತ. ಮುತ್ತಿನಂಥ ಅಕ್ಷರದಲ್ಲಿ ನಿಧಾನವಾಗಿ ಬರೆದ. ವೆಂಕಟರಾಯಪ್ಪ ರುಜು ಹಾಕಿದ. ಪೋಸ್ಟ್ ಮಾಸ್ಟರು ಪದಗಳನ್ನು ಎಣಿಸಿ ರುಜು ಹಾಕಿದರು. ಐದಕ್ಕೆ ನಾಲ್ಕು ನಿಮಿಷವಿತ್ತು. ಚಂದ್ರಶೇಖರ ಪೆನ್ನಿನ ಮುಳ್ಳು ಒರೆಸಿಕೊಂಡು ಚಾರ್ಜ್ ಪಟ್ಟಿಯ ಕೊನೆಗೆ ಕೈ ಒಯ್ದ.

ಆಗ ತಂತಿ ಪೇದೆ ಬಂದ.

ಕಪಾಟಿಗೆ ಬೀಗ ಬೇಕೆಂದು ಸುಬ್ರಹ್ಮಣ್ಯ ಮೇಲಿನ ಕಚೇರಿಗೆ ಐದು ವರ್ಷದಲ್ಲಿ ಏಳು ಪತ್ರ ಬರೆದಿದ್ದ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಬೆಳಗಿನ ಅವನ ತಂತಿಗೆ ಅದೇ ಸಂಜೆ ಉತ್ತರ ಬಂದಿತ್ತು. ಪೋಸ್ಟ್ ಮಾಸ್ಟರು ಅಭ್ಯಾಸಬಲದಿಂದ ಕಿತ್ತುಕೊಂಡು ಗಟ್ಟಿಯಾಗಿ ಓದಿದರು.

"ನೆರಡಿ ರೋಗಾಣು ರಕ್ಷಣೆಯಲ್ಲಿ ಒಂಬತ್ತು ವರ್ಷ ಅನುಭವವುಳ್ಳ ಸುಬ್ರಹ್ಮಣ್ಯ ಮುಂದಿನ ಆದೇಶದವರೆಗೆ ಮಾಲೂರಿನಲ್ಲೇ ಮುಂದುವರಿಯತಕ್ಕದ್ದು. ಪ್ರತಿ ಸೋಮವಾರ ರೋಗಾಣುವನ್ನು ಪರೀಕ್ಷಿಸಿ ವರದಿ ಕಳಿಸತಕ್ಕದ್ದು. ಚಂದ್ರಶೇಖರ ಮುಳಬಾಗಿಲಿನಲ್ಲಿ ಕೆಲಸಕ್ಕೆ ಹಾಜರಾಗತಕ್ಕದ್ದು." ಅವರು ಬೆರಳು ಮಡಚಿ ನೋಡಿಕೊಂಡರು. "ಇಪ್ಪತ್ತೊಂದು ಪದ."

ಸುಬ್ರಹ್ಮಣ್ಯ ಬಾಯಿ ತೆರೆದ. ಅದು ಗಂಜಿ ಎಂದು ಹೇಳಲು ಒಂದೇ ಮಾತು ಸಾಕಿತ್ತು. ಮೇಜಿನ ಮೇಲೆ ಸ್ಟಾಕ್ ರಿಜಿಸ್ಟರು ತೆರೆದಿತ್ತು. ಅವನ ಒಂಬತ್ತು ರುಜುಗಳು ಒಂದರ ಕೆಳಗೊಂದು, ಇಳಿಯಲು ಬಾರದ ಮೆಟ್ಟಿಲಿನಂತೆ ಕಂಡವು. ಅವನು ಬಾಯಿ ಮುಚ್ಚಿಕೊಂಡ.

ಚಂದ್ರಶೇಖರ ಪೆನ್ನಿಗೆ ಟೊಪ್ಪಿಗೆ ಹಾಕಿ, ಸಮ್ಮತಿ ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಅವನ ಹಾಸಿಗೆ ಇನ್ನೂ ಬಿಚ್ಚಿರಲಿಲ್ಲ.

"ಐದೂವರೆಗೆ ಬಸ್ ಇದೆ ಅಂದ್ರಲ್ಲ ಸಾರ್," ಎಂದ. "ಮುಳಬಾಗಿಲಲ್ಲಿ ನೀರಿಗೆ ತೊಂದರೆ ಇಲ್ಲ ತಾನೆ? ನಿಮ್ಮ ಮನೆಗೆ ಏನಾದ್ರೂ ಹೇಳಬೇಕಾ?"

ಸುಬ್ರಹ್ಮಣ್ಯ ಸ್ಟಾಕ್ ರಿಜಿಸ್ಟರು ಮುಚ್ಚಿದ.

"ಭಾನುವಾರ ಬರ್ತೀನಿ ಅಂತ ಹೇಳಿ," ಎಂದ.

ಬಸ್ಸು ಹೋಯಿತು. ಜನ ಕರಗಿದರು. ಅವನು ಪ್ರಯೋಗಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಮುನಿಗಂಗಮ್ಮ ಬಂದಳು. ಟ್ರಂಕು ಒಳಗಿಟ್ಟಿರುವುದಾಗಿ ಹೇಳಿದಳು. ನೆರಡಿ ಕಪಾಟಿನಲ್ಲೂ ಬೀಗ ಹೊರಗೂ ಇರುವವರೆಗೆ ತನ್ನದೇನೂ ತಕರಾರಿಲ್ಲವೆಂದಳು. ಸೆರಗಿನ ಮರೆಯಿಂದ ಒಂದು ದೊಡ್ಡ ಲೋಟ ತೆಗೆದು ಕೆಳಗಿನ ಮೆಟ್ಟಿಲ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

"ಬೆಳಗಿಂದ ಏನೂ ತಿಂದಿಲ್ಲ ನೀವು. ಬಿಸಿ ಐತೆ, ಕುಡೀರಿ ಸಾಮಿ."

ಲೋಟದಲ್ಲಿ ರಾಗಿ ಗಂಜಿ ಇತ್ತು. ಸುಬ್ರಹ್ಮಣ್ಯ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಎತ್ತಿಕೊಂಡು ಅರ್ಧ ಕುಡಿದು, ಲೋಟವನ್ನು ಪಕ್ಕಕ್ಕಿಟ್ಟ.

"ಯಾಕೆ ಸಾಮಿ, ಚೆನ್ನಾಗಿಲ್ವಾ?"

"ಚೆನ್ನಾಗಿದೆಯಮ್ಮ," ಎಂದ ಅವನು. "ಉಳಿದದ್ದು ಆಫೀಸಿಗೆ ಬೇಕು."